ಸವಾಲು-ಜವಾಬಿನ ಒಂದು ಪಂಚಾಂಗ

ಒಗಟು ಹೇಳಿ ಉತ್ತರಕ್ಕೆ ಸವಾಲೊಡ್ಡುವುದು ಎಲ್ಲ ನಾಡುಗಳಲ್ಲಿಯೂ ಬಳಕೆಯಲ್ಲಿರುವ ವಿನೋದ. ಸಾಮಾನ್ಯವಾಗಿ ಸವಾಲು ಹಾಕುವವನೂ ಬಿಡಿಸುವವನೂ ಎದುರೆದುರಾಗಿಯೇ ಕುಳಿತಿರುತ್ತಾರೆ. ಸೋತವನ ಮುಖ ನೋಡಿ ನಗುವ ಸುಖವೂ ಆಟದ ಒಂದು ಭಾಗ. ಆದರೆ ಒಬ್ಬರ ಮುಖವನ್ನೊಬ್ಬರು ಕಾಣದ ಜನ ಸರದಿಯಂತೆ ಪ್ರಶ್ನೆ ಹಾಕುತ್ತ, ಒಂದೊಂದು ಉತ್ತರಕ್ಕೂ ಇಡೀ ವರ್ಷ ಕಾಯುತ್ತ, 160 ವರ್ಷಗಳಿಗೂ ಮಿಕ್ಕಿ ಈ ಆಟವನ್ನು ನಡೆಸಿದರೆಂದರೆ ಅದು ಸೋಜಿಗವೇ ಸರಿ. ಇಂಗ್ಲೆಂಡಿನಲ್ಲಿ ಹಾಗೆ ನಡೆಯಿತು. ಅದಕ್ಕೆ ಅಂಗಳವಾದದ್ದು ‘ಲೇಡೀಸ್ ಡೈರಿ’ ಎಂಬ ಒಂದು ಸಣ್ಣ ವಾರ್ಷಿಕ ಪಂಚಾಂಗ.

ಇದನ್ನು 1704ನೆಯ ಇಸವಿಗೆಂದು ಮೊದಲು ಹೊರತಂದವನು ಕೊವೆಂಟ್ರಿ ಪಟ್ಟಣದ ಶಾಲಾ ಉಪಾಧ್ಯಾಯ ಜಾನ್ ಟಿಪ್ಪರ್. ಹೆಸರೇ ಹೇಳುವಂತೆ ಅದು ಸ್ತ್ರೀಯರಿಗಾಗಿ ಹುಟ್ಟಿದ್ದು. ದಿನಗಣನೆ, ಗ್ರಹಣಗಳ ಜೊತೆಗೆ ಅಡಿಗೆಯ ವಿಧಾನ, ಮನೆಮದ್ದು, ಕಥೆ, ಪದ್ಯರೂಪದ ಒಗಟು, ಎಲ್ಲವೂ ಅದರಲ್ಲಿದ್ದವು. 1707ರಲ್ಲಿ ಲೆಕ್ಕದ ಪ್ರಶ್ನೆಗಳೂ ಬಂದು ಸೇರಿದವು. ಕೆಲವೇ ವರ್ಷಗಳಲ್ಲಿ ಅಡಿಗೆಮನೆ ಪಂಚಾಂಗದಿಂದ ಹೊರಬಿದ್ದಿತು. ಒಗಟೂ ಗಣಿತವೂ ಉಳಿದವು. ಹೆಂಗಸರಿಗೆ ಏನು ಬೇಕೆಂದು ಗಂಡಸರು ಊಹಿಸುವುದು ಬೇರೆ, ಅವರು ಬಯಸುವುದು ಬೇರೆ!

ಆಟದ ಕ್ರಮ ಸರಳವಾದುದು. ಈ ವರ್ಷದ ಸಂಚಿಕೆಯಲ್ಲಿ ಪ್ರಶ್ನೆ. ಓದುಗರು ಉತ್ತರವನ್ನು ಅಂಚೆಯಲ್ಲಿ ಕಳುಹುವರು, ಜೊತೆಗೆ ತಮ್ಮದೂ ಒಂದು ಪ್ರಶ್ನೆಯನ್ನಿಡುವರು. ಮುಂದಿನ ವರ್ಷ ಉತ್ತರ, ಬಿಡಿಸಿದವರ ಹೆಸರು, ಹೊಸ ಸವಾಲು. ಬಹುಮಾನವೆಂದರೆ ಅದೇ ಪಂಚಾಂಗದ ಕೆಲವು ಪ್ರತಿಗಳು, ಅಷ್ಟೆ. ಮೊದಮೊದಲು ಗಣಿತದ ಪ್ರಶ್ನೆಗಳನ್ನೂ ಪದ್ಯದಲ್ಲಿ ಕೇಳುತ್ತಿದ್ದರು, ಎಷ್ಟೋ ಉತ್ತರಗಳೂ ಪದ್ಯದಲ್ಲಿಯೇ ಬರುತ್ತಿದ್ದವು. ಲೆಕ್ಕವನ್ನು ಪದ್ಯದಲ್ಲಿ, ಅದೂ ಹೆಣ್ಣೊಬ್ಬಳನ್ನು ಸಂಬೋಧಿಸಿ ಕೇಳುವುದು ಭಾಸ್ಕರಾಚಾರ್ಯನ ‘ಲೀಲಾವತಿ’ಯನ್ನು ಬಲ್ಲ ನಮಗೆ ಹೊಸದಲ್ಲ. ಆದರೆ ಲೀಲಾವತಿ ತಿರುಗಿ ಆಚಾರ್ಯನಿಗೇ ಪ್ರಶ್ನೆ ಹಾಕಿದ್ದನ್ನು ಆ ಗ್ರಂಥದಲ್ಲಿ ನಾವು ಕಾಣೆವು. ಇಲ್ಲಿ ಅದಕ್ಕೆ ಎಡೆಯಿತ್ತು.

ಟಿಪ್ಪರ್‌ನ ತರುವಾಯ ಸಂಪಾದಕನಾದ ಹೆನ್ರಿ ಬೀಟನ್, ಸ್ತ್ರೀಯರಿಂದ ತನಗೆ ನಾಲ್ಕೈದು ನೂರು ಕಾಗದಗಳು ಬಂದಿವೆ, ಬೀಜಗಣಿತ ಖಗೋಳಗಳ ಉತ್ತರಗಳು ಅವುಗಳಲ್ಲಿವೆ, ಪರದೇಶಿಗಳು ನೋಡಿದರೆ ಬೆರಗಾದಾರು ಎಂದು 1718ರಲ್ಲಿ ಹೆಮ್ಮೆಯಿಂದ ಬರೆದ. ಅಚ್ಚಾದ ಹೆಸರುಗಳಲ್ಲಿ ಮಾತ್ರ ಸ್ತ್ರೀಯರವು ಕೊಂಚವೇ. ಆ ಹೆಸರುಗಳನ್ನಾದರೂ ನಂಬುವಂತಿಲ್ಲ. ಗುಪ್ತನಾಮದಲ್ಲಿ ಬರೆಯುವ ರೂಢಿ ಅಲ್ಲಿ ಬಲವಾಗಿತ್ತು. ಹೆಣ್ಣಿನ ಹೆಸರಿನ ಹಿಂದೆ ಗಂಡಸು, ಗಂಡಿನ ಹೆಸರಿನ ಹಿಂದೆ ಹೆಂಗಸು ಇದ್ದಿರಬಹುದು.

ಹೀಗೆ ಹೆಸರು ಮರೆಸಿ ಬರೆದವರಲ್ಲಿ ಥಾಮಸ್ ಸಿಂಪ್ಸನ್ ಒಬ್ಬ. ನೇಕಾರನ ಮಗ, ತಾನೂ ನೇಕಾರ; ಸ್ವಂತವಾಗಿ ಗಣಿತ ಕಲಿತವನು. 1743ರಲ್ಲಿ ವುಲಿಚ್‌ನ ಸೈನಿಕ ವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕನಾದ. ‘ಸಿಂಪ್ಸನ್ನನ ಸೂತ್ರ’ವನ್ನು ನಮ್ಮ ಕಾಲೇಜು ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಅವನು ಈ ಪಂಚಾಂಗದ ಸಂಪಾದಕನಾದುದರ ಹಿಂದೆ ಒಂದು ಜಗಳವುಂಟು. ಅವನಿಗೆ ಮುಂಚೆ ಅಲ್ಲಿದ್ದ ರಾಬರ್ಟ್ ಹೀತ್, ಓದುಗರು ಕಳುಹಿಸಿದ ಒಳ್ಳೊಳ್ಳೆಯ ಬರಹಗಳನ್ನು ತನ್ನದೇ ಬೇರೊಂದು ಪ್ರಕಟಣೆಗೆ ಸಾಗಿಸುತ್ತಿದ್ದನೆಂದು 1753ರಲ್ಲಿ ಕೆಲಸ ಕಳೆದುಕೊಂಡ. ಮುಂದೆ ಸುಮಾರು 45 ವರ್ಷ ಇದನ್ನು ನಡೆಸಿದ ಚಾರ್ಲ್ಸ್ ಹಟನ್ ಕಲ್ಲಿದ್ದಲ ಗಣಿಯ ಕೆಲಸಗಾರನ ಮಗ; ಎಳೆಯ ವಯಸ್ಸಿನಲ್ಲಿ ತಾನೂ ಗಣಿಗೆ ಇಳಿದವನು. ಆಗ ಇಂಗ್ಲೆಂಡಿನಲ್ಲಿದ್ದ ವಿಶ್ವವಿದ್ಯಾನಿಲಯಗಳು ಎರಡೇ. ಅಲ್ಲಿ ಸ್ತ್ರೀಯರಿಗೆ ಪ್ರವೇಶವಿಲ್ಲ. ಇಂಥ ಮನೆತನದ ಹುಡುಗರಿಗೆ ಅದು ಎಟಕುವುದೂ ದುರ್ಲಭ. ಪ್ರಶ್ನೆ ಹಾಕಿದವನ ಕುಲಗೋತ್ರವನ್ನು ಪಂಚಾಂಗ ಮಾತ್ರ ಕೇಳುತ್ತಿರಲಿಲ್ಲ.

1841ರಲ್ಲಿ ಇನ್ನೊಂದು ಪಂಚಾಂಗವೂ ಕೂಡಿಕೊಂಡು ಅದರ ಹೆಸರು ‘ಲೇಡೀಸ್ ಆಂಡ್ ಜೆಂಟಲ್‌ಮನ್ಸ್ ಡೈರಿ’ ಎಂದಾಯಿತು. 1844ರಲ್ಲಿ ಸಂಪಾದಕ ವುಲ್‌ಹೌಸ್, ವಸ್ತುಗಳನ್ನು ಗುಂಪುಗೂಡಿಸುವ ಬಗೆಗೆ ಒಂದು ಪ್ರಶ್ನೆ ಕೇಳಿದ. ಲ್ಯಾಂಕಾಷೈರಿನ ಒಂದು ಹಳ್ಳಿಯ ಪಾದ್ರಿ ಥಾಮಸ್ ಕರ್ಕ್‌ಮನ್ ಅದರ ಬೆನ್ನು ಹತ್ತಿದ. 1850ರ ಸಂಚಿಕೆಯಲ್ಲಿ ತನ್ನ ಸರದಿ ಬಂದಾಗ ಅವನು ಹಾಕಿದ ಪ್ರಶ್ನೆ ಇದು: ಶಾಲೆಯೊಂದರ ಹದಿನೈದು ಹುಡುಗಿಯರು ದಿನವೂ ಮೂರು ಮೂರು ಮಂದಿಯ ಸಾಲಾಗಿ ಗಾಳಿಸಂಚಾರಕ್ಕೆ ಹೊರಡುತ್ತಾರೆ. ಏಳು ದಿನಗಳಲ್ಲಿ ಯಾವ ಇಬ್ಬರೂ ಎರಡನೆಯ ಬಾರಿ ಒಂದೇ ಸಾಲಿಗೆ ಬಾರದಂತೆ ಅವರನ್ನು ನಿಲ್ಲಿಸುವುದು ಹೇಗೆ?

ಶ್ರೋತೃಗಳು ಕಾಗದ-ಲೇಖನಿ ಹಿಡಿದು ಯತ್ನಿಸಬಹುದು. ಹದಿನೈದು ಮಂದಿಯಲ್ಲಿ ಆಗುವ ಜೋಡಿಗಳು 105. ದಿನಕ್ಕೆ ಐದು ಸಾಲು, ಸಾಲಿಗೆ ಮೂರು ಜೋಡಿ, ಒಟ್ಟು 15. ಏಳು ದಿನಕ್ಕೆ ಸರಿಯಾಗಿ 105. ಒಂದು ಜೋಡಿಯೂ ಮಿಗುವಂತಿಲ್ಲ, ಒಂದೂ ಮರುಕಳಿಸುವಂತಿಲ್ಲ. ಗಣಿತಜ್ಞ ಆರ್ಥರ್ ಕೇಲಿ ಅದೇ ವರ್ಷ ಒಂದು ಉತ್ತರವನ್ನು ಅಚ್ಚುಹಾಕಿಸಿದ. ಆದರೆ ಹುಡುಗಿಯರು 21, 27, 33 ಹೀಗೆ ಆರಾರಾಗಿ ಹೆಚ್ಚುತ್ತ ಹೋದರೆ ಯಾವಾಗಲೂ ಇದು ಸಾಧ್ಯವೇ ಎಂಬುದು ಬಗೆಹರಿಯದೆ ಉಳಿಯಿತು. ಪಂಚಾಂಗ 1871ಕ್ಕೆ ನಿಂತಿತು. ಸಾಧ್ಯವೆಂದು ಸಾಧಿಸಿದ ಲೇಖನ ಅಚ್ಚಾದದ್ದು ಸರಿಯಾಗಿ ನೂರು ವರ್ಷದ ಮೇಲೆ, 1971ರಲ್ಲಿ. ಬರೆದವರು ಕಲ್ಕತ್ತೆಯಲ್ಲಿ ಓದಿ ಅಮೆರಿಕದಲ್ಲಿ ನೆಲಸಿದ್ದ ಡಿ. ಕೆ. ರಾಯ್‌ಚೌಧುರಿ ಮತ್ತು ಅವರ ಶಿಷ್ಯ ರಿಚರ್ಡ್ ವಿಲ್ಸನ್.

ಅವರಿಗೂ ಮೊದಲು ಒಬ್ಬರು ಬಿಡಿಸಿದ್ದರು. ಚೀನಾದ ಒಳ ಮಂಗೋಲಿಯದ ಬಾವ್‌ಟೌ ನಗರದಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಶಾಲಾ ಉಪಾಧ್ಯಾಯ ಲು ಜಿಯಾಶಿ 1965ರ ವೇಳೆಗೇ ಉತ್ತರ ಕಂಡು ತಮ್ಮ ದೇಶದ ಪತ್ರಿಕೆಗಳಿಗೆ ಕಳುಹಿಸಿದ್ದರು. ಯಾರೂ ಪ್ರಕಟಿಸಲಿಲ್ಲ. ಹೊರಗೆ ಇನ್ನಾರೋ ಅದನ್ನು ಅಚ್ಚು ಮಾಡಿಸಿದ್ದಾರೆಂದು ಅವರಿಗೆ ತಿಳಿದದ್ದು 1979ರಲ್ಲಿ. ಅವರು ಅದೇ ಬಗೆಯ, ಇನ್ನೂ ಕಠಿನವಾದ ಮತ್ತೊಂದು ಸಮಸ್ಯೆಯನ್ನು ಕೈಗೆತ್ತಿಕೊಂಡರು. ಆ ಲೇಖನಗಳನ್ನು ವಿದೇಶದ ಪತ್ರಿಕೆಯೊಂದು 1983ರಿಂದ ಪ್ರಕಟಿಸತೊಡಗಿತು. ಆ ವರ್ಷದ ಅಕ್ಟೋಬರಿನಲ್ಲಿ ಲು ತೀರಿಕೊಂಡರು. ಆಗ ಅವರಿಗೆ 48 ವರ್ಷ.