ಕಟ್ಟುಕಥೆಯ ಅಖಾಡದಲ್ಲಿ ನಿಜದ ಸಾವು

1999ರ ಮೇ 23, ಭಾನುವಾರದ ರಾತ್ರಿ. ಅಮೆರಿಕದ ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿರುವ ಕೆಂಪರ್ ಅರೀನಾ ಒಳಾಂಗಣ ಕ್ರೀಡಾಂಗಣದಲ್ಲಿ 16 ಸಾವಿರಕ್ಕೂ ಹೆಚ್ಚು ಜನ ಕಿಕ್ಕಿರಿದಿದ್ದರು. ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ (ಡಬ್ಲ್ಯುಡಬ್ಲ್ಯುಎಫ್) ಏರ್ಪಡಿಸಿದ್ದ 'ಓವರ್ ದಿ ಎಡ್ಜ್' ಎಂಬ ಕುಸ್ತಿ ಪ್ರದರ್ಶನ ನಡೆದಿತ್ತು. ದೀಪಗಳು ಆರಿದವು. ನೀಲಿ ಮುಖವಾಡ, ಗರಿಗಳ ಮೇಲಂಗಿ ತೊಟ್ಟ 'ಬ್ಲೂ ಬ್ಲೇಜರ್' ಚಾವಣಿಯಿಂದ ಹಗ್ಗದ ಮೂಲಕ ಇಳಿದು ಬರಬೇಕಿತ್ತು. ಮುಖವಾಡದ ಹಿಂದೆ ಇದ್ದವರು ಕೆನಡಾದ 34 ವರ್ಷದ ಕುಸ್ತಿಪಟು ಓವನ್ ಹಾರ್ಟ್. ಅವರು ಇಳಿಯಲಿಲ್ಲ, ಬಿದ್ದರು. ಸುಮಾರು 78 ಅಡಿ ಎತ್ತರದಿಂದ ಬಂದು ಅಖಾಡದ ಮೇಲ್ಹಗ್ಗಕ್ಕೆ ಎದೆ ಬಡಿದು, ಒಳಗೆ ಉರುಳಿದರು.

ಆ ಕ್ಷಣದಲ್ಲಿ ಟಿ.ವಿ. ಪರದೆಯ ಮೇಲೆ ಮೊದಲೇ ಚಿತ್ರಿಸಿಟ್ಟಿದ್ದ ಬ್ಲೂ ಬ್ಲೇಜರ್‌ನ ಸಂದರ್ಶನ ಓಡುತ್ತಿತ್ತು. ಹಾಗಾಗಿ ಮನೆಯಲ್ಲಿ ಕುಳಿತವರು ಬಿದ್ದದ್ದನ್ನು ಕಾಣಲಿಲ್ಲ. ನೇರ ಪ್ರಸಾರ ಮರಳಿದಾಗ ಕ್ಯಾಮೆರಾಗಳು ಅಖಾಡವನ್ನು ಬಿಟ್ಟು ಪ್ರೇಕ್ಷಕರತ್ತ ತಿರುಗಿದ್ದವು. ವೀಕ್ಷಕ ವಿವರಣೆಗಾರ ಜಿಮ್ ರಾಸ್ ಅವರಿಗೆ ವಿಚಿತ್ರವಾದ ಕೆಲಸವೊಂದು ಬಂದೊದಗಿತು. ಇದು ಪ್ರದರ್ಶನದ ಭಾಗವಲ್ಲ, ನಿಜವಾಗಿಯೂ ಅನಾಹುತ ನಡೆದಿದೆ ಎಂದು ಅವರು ಮತ್ತೆ ಮತ್ತೆ ಹೇಳಬೇಕಾಯಿತು. 'ತೋಳ ಬಂತು ತೋಳ' ಕಥೆಯ ಹುಡುಗನ ಪಾಡು ಅದು. ಕಟ್ಟುಕಥೆಯನ್ನೇ ನಿಜವೆಂದು ಮಾರುತ್ತ ಬಂದ ಉದ್ಯಮಕ್ಕೆ, ನಿಜವೇ ಎದುರು ಬಂದಾಗ ಅದನ್ನು ನಂಬಿಸುವುದು ಕಷ್ಟವಾಯಿತು.

ನಟನೆಯ ಕುಸ್ತಿ

ಗರಡಿಮನೆಯ ಕುಸ್ತಿಗೂ ಈ ವೃತ್ತಿಪರ ಕುಸ್ತಿಗೂ ಹೆಸರಿನಲ್ಲಿ ಮಾತ್ರ ಸಂಬಂಧ. ಇಲ್ಲಿ ಗೆಲ್ಲುವವರು ಯಾರು, ಸೋಲುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ನಾಯಕ, ಖಳನಾಯಕ, ದ್ವೇಷ, ದ್ರೋಹ ಎಲ್ಲವೂ ಕಥೆಯ ಭಾಗ. ಈ ಗುಟ್ಟನ್ನು ಹೊರಗೆ ಬಿಡದೆ ಕಾಪಾಡುವ ಪದ್ಧತಿಗೆ ಆ ವಲಯದಲ್ಲಿ 'ಕೇಫೇಬ್' ಎನ್ನುತ್ತಾರೆ. ಹಾಗೆಂದು ಪೆಟ್ಟೆಲ್ಲ ಸುಳ್ಳಲ್ಲ. ಫಲಿತಾಂಶ ನಾಟಕವಾದರೂ ಬೀಳುವ ಮೈ ನಿಜ, ಮುರಿಯುವ ಮೂಳೆ ನಿಜ.

ದಶಕಗಳ ಕಾಲ ಬಾಯಿ ಬಿಡದಿದ್ದ ಗುಟ್ಟನ್ನು 1989ರಲ್ಲಿ ಡಬ್ಲ್ಯುಡಬ್ಲ್ಯುಎಫ್ ತಾನೇ ಒಪ್ಪಿಕೊಂಡಿತು. ಕುಸ್ತಿ ಪ್ರದರ್ಶನಗಳ ಮೇಲೆ ಸರ್ಕಾರಿ ಕ್ರೀಡಾ ಆಯೋಗದ ನಿಯಂತ್ರಣ ಮತ್ತು ತೆರಿಗೆಯ ಹೊರೆ ಬೇಡವೆಂದು ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ವಾದಿಸುವಾಗ, ಇದು ಕ್ರೀಡೆಯಲ್ಲ, ಬರೀ ಮನರಂಜನೆ ಎಂದು ಕಂಪೆನಿ ಹೇಳಿಕೆ ಕೊಟ್ಟಿತು. ಕುಸ್ತಿಪಟುಗಳು ಕಂಪೆನಿಯ ನೌಕರರೂ ಆಗಿರಲಿಲ್ಲ. ಕಾಗದದ ಮೇಲೆ ಅವರು ಸ್ವತಂತ್ರ ಗುತ್ತಿಗೆದಾರರು. ಹೀಗಾಗಿ ಆಟಗಾರನಿಗೆ ಸಿಗುವ ರಕ್ಷಣೆಯೂ ಇಲ್ಲ, ನೌಕರನಿಗೆ ಸಿಗುವ ರಕ್ಷಣೆಯೂ ಇಲ್ಲ ಎಂಬ ಸ್ಥಿತಿ ಅವರದಾಗಿತ್ತು.

ಪೈಪೋಟಿಯ ಬಿಸಿ

1982ರಲ್ಲಿ ತಂದೆಯಿಂದ ಕಂಪೆನಿಯನ್ನು ಕೊಂಡುಕೊಂಡ ವಿನ್ಸ್ ಮೆಕ್‌ಮಹನ್, ಪ್ರಾಂತ್ಯಗಳಿಗೆ ಸೀಮಿತವಾಗಿದ್ದ ಕುಸ್ತಿಯನ್ನು ದೇಶವ್ಯಾಪಿ ಉದ್ಯಮವಾಗಿ ಬೆಳೆಸಿದರು. 1985ರ ಮಾರ್ಚ್ 31ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ 'ರೆಸಲ್‌ಮೇನಿಯಾ' ನಡೆಯಿತು. ಅದೇ ವರ್ಷ ಕಂಪೆನಿ 'ಪೇ-ಪರ್-ವ್ಯೂ' ಪದ್ಧತಿಗೂ ಕಾಲಿಟ್ಟಿತು. ಅಂದರೆ ಸಾಮಾನ್ಯ ಕೇಬಲ್ ಶುಲ್ಕದ ಮೇಲೆ ಆ ಒಂದು ಕಾರ್ಯಕ್ರಮಕ್ಕೇ ಪ್ರತ್ಯೇಕ ಹಣ ತೆತ್ತವರಿಗೆ ಮಾತ್ರ ಮನೆಯಲ್ಲಿ ಅದು ಕಾಣುತ್ತದೆ. ವಾರದ ಕಾರ್ಯಕ್ರಮಗಳಲ್ಲಿ ಕಥೆಗೆ ಕಾವು ಕೊಟ್ಟು, ಅದರ ಅಂತ್ಯವನ್ನು ಹಣ ಕೊಟ್ಟವರಿಗೆ ತೋರಿಸುವುದು ಈ ವ್ಯಾಪಾರದ ಸೂತ್ರ. 1995ರಿಂದ ಇಂಥ ಪ್ರದರ್ಶನಗಳು ಹೆಚ್ಚುಕಡಿಮೆ ತಿಂಗಳಿಗೊಂದಾದವು.

ಅದೇ ವರ್ಷ ಟೆಡ್ ಟರ್ನರ್ ಅವರ ಡಬ್ಲ್ಯುಸಿಡಬ್ಲ್ಯು ಸಂಸ್ಥೆ ಸೋಮವಾರ ರಾತ್ರಿಯ 'ನೈಟ್ರೊ' ಕಾರ್ಯಕ್ರಮ ಆರಂಭಿಸಿ, ಮೆಕ್‌ಮಹನ್ ಅವರ 'ರಾ'ಗೆ ನೇರ ಸವಾಲು ಹಾಕಿತು. ವೀಕ್ಷಕರನ್ನು ಸೆಳೆಯಲು ಎರಡೂ ಕಡೆಯವರು ದಿನಕ್ಕೊಂದು ಹೊಸ ಸಾಹಸ ಹುಡುಕತೊಡಗಿದರು. ಡಬ್ಲ್ಯುಸಿಡಬ್ಲ್ಯುನ ಸ್ಟಿಂಗ್ ಚಾವಣಿಯಿಂದ ಹಗ್ಗದಲ್ಲಿ ಇಳಿದು ಬರುವ ದೃಶ್ಯ ಬಹಳ ಜನಪ್ರಿಯವಾಗಿತ್ತು. ಓವನ್ ಹಾರ್ಟ್ ಅವರಿಗೆ ಒಪ್ಪಿಸಿದ್ದು ಅದರ ಅಣಕದಂಥ ಪ್ರವೇಶ. ನೆಲ ಇನ್ನೂ ಸ್ವಲ್ಪ ದೂರವಿರುವಾಗಲೇ ಕೊಕ್ಕೆ ಬಿಚ್ಚಿಕೊಂಡು, ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದು ಜನರನ್ನು ನಗಿಸಬೇಕಿತ್ತು.

ನಗು ಬರಬೇಕಾದರೆ ಕೊಕ್ಕೆ ಥಟ್ಟನೆ ಕಳಚಬೇಕು. ಅದಕ್ಕಾಗಿ ಬಳಸಿದ್ದು ಹಾಯಿದೋಣಿಗಳಲ್ಲಿ ಉಪಯೋಗಿಸುವ, ಅಲ್ಪ ಎಳೆತಕ್ಕೇ ತೆರೆದುಕೊಳ್ಳುವ ಕೊಕ್ಕೆ. ಅದು ಕೈಕೊಟ್ಟರೆ ಹಿಡಿದುಕೊಳ್ಳಲು ಎರಡನೆಯ ಹಗ್ಗವಿರಲಿಲ್ಲ. ನಗೆಗಾಗಿ ಆರಿಸಿದ ಆ ಕೊಕ್ಕೆ ಓವನ್ ಇನ್ನೂ ಚಾವಣಿಯ ಬಳಿ ಇರುವಾಗಲೇ ಕಳಚಿತು.

ಹಾರ್ಟ್ ಮನೆತನ

ಓವನ್ ಹಾರ್ಟ್ ಕೆನಡಾದ ಕ್ಯಾಲ್ಗರಿಯವರು. ತಂದೆ ಸ್ಟೂ ಹಾರ್ಟ್ ಅಲ್ಲಿನ 'ಸ್ಟಾಂಪೀಡ್ ರೆಸ್ಲಿಂಗ್' ಸಂಸ್ಥೆಯ ಸ್ಥಾಪಕರು. 'ಡಂಜನ್' ಎಂದೇ ಹೆಸರಾಗಿದ್ದ ಅವರ ಮನೆಯ ನೆಲಮಾಳಿಗೆಯಲ್ಲಿ ಹಲವಾರು ಪ್ರಸಿದ್ಧ ಕುಸ್ತಿಪಟುಗಳು ಪಳಗಿದ್ದರು. ಹನ್ನೆರಡು ಮಕ್ಕಳಲ್ಲಿ ಓವನ್ ಕಿರಿಯವರು. 1994ರ ಮಾರ್ಚ್‌ನಲ್ಲಿ ಹತ್ತನೆಯ ರೆಸಲ್‌ಮೇನಿಯಾದಲ್ಲಿ ಅಣ್ಣ ಬ್ರೆಟ್ ಹಾರ್ಟ್ ಅವರನ್ನು ಸೋಲಿಸಿದ ಪಂದ್ಯ ಅವರಿಗೆ ದೊಡ್ಡ ಹೆಸರು ತಂದಿತು. 1997ರ ನವೆಂಬರ್‌ನಲ್ಲಿ ಮಾಂಟ್ರಿಯಲ್ ಪ್ರದರ್ಶನದಲ್ಲಿ ಬ್ರೆಟ್ ಅವರಿಗೆ ತಿಳಿಸದೆಯೇ ಪಂದ್ಯದ ಫಲಿತಾಂಶ ಬದಲಿಸಿದಾಗ, ಡಬ್ಲ್ಯುಸಿಡಬ್ಲ್ಯು ಸೇರಲು ಆಗಲೇ ಒಪ್ಪಿಕೊಂಡಿದ್ದ ಅವರು ಸಿಟ್ಟಿನಿಂದ ಹೊರನಡೆದರು. ಓವನ್ ಉಳಿದುಕೊಂಡರು. ಹಿಂದೊಮ್ಮೆ ಧರಿಸಿದ್ದ ಬ್ಲೂ ಬ್ಲೇಜರ್ ವೇಷವನ್ನು 1998ರಲ್ಲಿ ಅವರಿಗೆ ಮತ್ತೆ ತೊಡಿಸಲಾಯಿತು. ಈ ಬಾರಿ ಅದು ಹಾಸ್ಯಪಾತ್ರ.

ನಿಲ್ಲದ ಪ್ರದರ್ಶನ

ಅಖಾಡದಲ್ಲೇ ಪ್ರಥಮ ಚಿಕಿತ್ಸೆ ನೀಡಿ ಓವನ್ ಅವರನ್ನು ಟ್ರೂಮನ್ ಮೆಡಿಕಲ್ ಸೆಂಟರ್‌ಗೆ ಸಾಗಿಸಲಾಯಿತು. ಅಲ್ಲಿ ಅವರು ಮೃತಪಟ್ಟಿರುವುದಾಗಿ ವೈದ್ಯರು ಘೋಷಿಸಿದರು. ಇತ್ತ ಕುಸ್ತಿ ನಿಲ್ಲಲಿಲ್ಲ. ಮುಂದಿನ ಪಂದ್ಯಕ್ಕೆ ಅದೇ ಅಖಾಡಕ್ಕೆ ಇಳಿಯಬೇಕಾದವರಲ್ಲಿ ಓವನ್ ಅವರ ಆಪ್ತ ಗೆಳೆಯ ಜೆಫ್ ಜಾರೆಟ್ ಒಬ್ಬರು. ಸಾವಿನ ಸುದ್ದಿಯನ್ನು ಜಿಮ್ ರಾಸ್ ಟಿ.ವಿ. ವೀಕ್ಷಕರಿಗೆ ತಿಳಿಸಿದರು. ಕ್ರೀಡಾಂಗಣದಲ್ಲಿ ಕುಳಿತವರಿಗೆ ಮಾತ್ರ ಯಾರೂ ಹೇಳಲಿಲ್ಲ. ಕಣ್ಣೆದುರೇ ಬಿದ್ದವನು ಸತ್ತನೆಂದು ತಿಳಿಯದೆ, ಅಂಡರ್‌ಟೇಕರ್ ಸ್ಟೀವ್ ಆಸ್ಟಿನ್ ಅವರನ್ನು ಸೋಲಿಸಿದ ಕೊನೆಯ ಪಂದ್ಯದವರೆಗೂ ಸಾವಿರಾರು ಜನ ಕೇಕೆ ಹಾಕುತ್ತ ಕುಳಿತಿದ್ದರು.

ಮರುದಿನ ಸೇಂಟ್ ಲೂಯಿಸ್‌ನಲ್ಲಿ ನಡೆದ 'ರಾ' ಕಾರ್ಯಕ್ರಮವನ್ನು ಓವನ್ ನೆನಪಿಗೆ ಮೀಸಲಿಟ್ಟರು. ದ್ವೇಷದ ಕಥೆಗಳನ್ನು ಬದಿಗಿಟ್ಟ ಕುಸ್ತಿಪಟುಗಳು ವೇಷ ಕಳಚಿ, ಕಣ್ಣೀರಿಡುತ್ತ ಗೆಳೆಯನ ಬಗ್ಗೆ ಮಾತನಾಡಿದರು.

ಕೇಬಲ್ ಟಿ.ವಿ. ಮನೆಮನೆಗೆ ಬಂದ ಆ ದಶಕದಲ್ಲಿ ಈ ಕುಸ್ತಿಗೆ ಕರ್ನಾಟಕದಲ್ಲೂ ಎಳೆಯ ಅಭಿಮಾನಿಗಳಿದ್ದರು. ಕುಸ್ತಿಪಟುಗಳ ಎತ್ತರ, ತೂಕ ಅಚ್ಚಾದ ಟ್ರಂಪ್ ಕಾರ್ಡುಗಳನ್ನು ಜೋಪಾನ ಮಾಡುತ್ತಿದ್ದ ಶಾಲಾ ಮಕ್ಕಳಿಗೆ 'ಅದೆಲ್ಲ ನಿಜವೋ, ಬರೀ ನಾಟಕವೋ' ಎಂಬುದೇ ದೊಡ್ಡ ಜಗಳದ ವಿಷಯ. ಕ್ಯಾನ್ಸಸ್ ಸಿಟಿಯ ಆ ರಾತ್ರಿ ಎರಡೂ ಉತ್ತರಗಳು ಒಟ್ಟಿಗೇ ಸರಿಯಾಗಿದ್ದವು.

ನ್ಯಾಯಾಲಯದ ಮೆಟ್ಟಿಲು

ಇಬ್ಬರು ಚಿಕ್ಕ ಮಕ್ಕಳ ತಾಯಿಯಾಗಿದ್ದ ಪತ್ನಿ ಮಾರ್ಥಾ ಹಾರ್ಟ್ ಕಂಪೆನಿಯ ಮೇಲೆ ಮೊಕದ್ದಮೆ ಹೂಡಿದರು. ಇದು ವಿಧಿಯಾಟವಲ್ಲ, ಅಪಾಯಕಾರಿ ಸಾಹಸಕ್ಕೆ ತಕ್ಕ ಸಲಕರಣೆ ಒದಗಿಸದ ನಿರ್ಲಕ್ಷ್ಯ ಎಂಬುದು ಅವರ ವಾದ. 2000ದ ನವೆಂಬರ್‌ನಲ್ಲಿ 1.8 ಕೋಟಿ ಡಾಲರ್‌ಗಳಿಗೆ ರಾಜಿಯಾಯಿತು. ಆ ಹಣದ ಒಂದು ಭಾಗದಿಂದ ಅವರು ಗಂಡನ ಹೆಸರಿನಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ, ಬಡ ವಿದ್ಯಾರ್ಥಿಗಳಿಗೆ ನೆರವಾಗತೊಡಗಿದರು. ಕಂಪೆನಿ ತನ್ನ ಗೌರವಪಟ್ಟಿ 'ಹಾಲ್ ಆಫ್ ಫೇಮ್'ಗೆ ಓವನ್ ಅವರನ್ನು ಸೇರಿಸಲು ಮಾರ್ಥಾ ಒಪ್ಪಲಿಲ್ಲ. ಗಂಡನ ಜೀವ ತೆಗೆದ ಕಂಪೆನಿಯೇ ಅವರ ನೆನಪನ್ನು ಮಾರಬಾರದೆಂಬುದು ಅವರ ನಿಲುವು.

'ಓವರ್ ದಿ ಎಡ್ಜ್' ಎಂಬ ಹೆಸರನ್ನು ಕಂಪೆನಿ ಮತ್ತೆ ಬಳಸಲಿಲ್ಲ. ಹದಿನೈದು ವರ್ಷ ಆ ಪ್ರದರ್ಶನ ವಿಡಿಯೊ ರೂಪದಲ್ಲಿ ಹೊರಬರಲಿಲ್ಲ. ಅಷ್ಟರಲ್ಲಿ ಡಬ್ಲ್ಯುಡಬ್ಲ್ಯುಇ ಎಂದು ಹೆಸರು ಬದಲಿಸಿಕೊಂಡಿದ್ದ ಕಂಪೆನಿ, 2014ರಲ್ಲಿ ತನ್ನ ಅಂತರಜಾಲ ವಾಹಿನಿಯಲ್ಲಿ ಅದನ್ನು ಬಿಡುಗಡೆ ಮಾಡಿದಾಗ ದುರಂತದ ಭಾಗವನ್ನು ಕತ್ತರಿಸಿ, ಆರಂಭದಲ್ಲಿ ಓವನ್‌ಗೆ ಶ್ರದ್ಧಾಂಜಲಿ ಸೇರಿಸಿತ್ತು.

ಮಾರ್ಥಾ ಕುಸ್ತಿಯ ಅಖಾಡಕ್ಕೆ ಮರಳಿದ್ದು 2022ರ ಮೇ ತಿಂಗಳಲ್ಲಿ, ಲಾಸ್ ವೇಗಾಸ್‌ನಲ್ಲಿ. ಬೇರೊಂದು ಸಂಸ್ಥೆಯಾದ ಎಇಡಬ್ಲ್ಯು, ಪ್ರತಿಷ್ಠಾನದ ಜೊತೆ ಸೇರಿ ಓವನ್ ಹೆಸರಿನ ಪಂದ್ಯಾವಳಿ ಆರಂಭಿಸಿತ್ತು. ಗೆದ್ದವರಿಗೆ ಅವರೇ ಪ್ರಶಸ್ತಿ ನೀಡಿದರು. ಅದೂ ಹಣ ತೆತ್ತವರು ಮನೆಯಲ್ಲಿ ಕುಳಿತು ನೋಡುವ ಪೇ-ಪರ್-ವ್ಯೂ ಪ್ರದರ್ಶನವೇ. ಅಲ್ಲಿಯೂ ಗೆಲ್ಲುವವರು ಯಾರೆಂದು ಮೊದಲೇ ನಿರ್ಧಾರವಾಗಿತ್ತು. ಆದರೆ ಇಪ್ಪತ್ಮೂರು ವರ್ಷ ತಡವಾಗಿ ಎದ್ದು ನಿಂತು ಚಪ್ಪಾಳೆ ತಟ್ಟಿದ ಜನರಿಗೆ, ತಾವು ಯಾರಿಗಾಗಿ ನಿಂತಿದ್ದೇವೆ ಎಂಬುದು ಈ ಬಾರಿ ಗೊತ್ತಿತ್ತು.