ಸದ್ದು ಮಾಡದ ಕೀಲಿಮಣೆ: ಮಿಡಿ ಹುಟ್ಟಿದ ಬಗೆ

ಅಂಗಡಿಯಿಂದ ಮಿಡಿ ಕೀಬೋರ್ಡ್ ತಂದು, ಪೆಟ್ಟಿಗೆ ಬಿಚ್ಚಿ, ಆಸೆಯಿಂದ ಒಂದು ಕೀಲಿ ಒತ್ತಿದರೆ ಕೇಳುವುದು ಪ್ಲಾಸ್ಟಿಕ್ಕಿನ ‘ಟಕ್’ ಸದ್ದು ಮಾತ್ರ. ಇಂಥ ಹೆಚ್ಚಿನ ಕೀಬೋರ್ಡುಗಳಲ್ಲಿ ಸ್ಪೀಕರ್ ಇಲ್ಲ, ಸ್ವರ ಹುಟ್ಟಿಸುವ ವಿದ್ಯುನ್ಮಂಡಲವೂ ಇಲ್ಲ. ಯಾವ ಕೀಲಿಯನ್ನು ಒತ್ತಿದರು, ಎಷ್ಟು ರಭಸದಿಂದ ಒತ್ತಿದರು, ಯಾವಾಗ ಬಿಟ್ಟರು ಎಂಬ ಸಂಗತಿಗಳನ್ನು ಅದು ಸಂಖ್ಯೆಗಳಾಗಿಸಿ ಕಂಪ್ಯೂಟರಿಗೆ ಕಳಿಸುತ್ತದೆ. ನಾದ ಹೊರಡುವುದು ಅಲ್ಲಿಂದ. ಈ ಸಂಖ್ಯೆಗಳಲ್ಲಿ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದು ನಿಗದಿಯಾದದ್ದು 1981 ಮತ್ತು 1983ರ ನಡುವೆ, ಅಮೆರಿಕ ಮತ್ತು ಜಪಾನಿನ ಕೆಲವೇ ಎಂಜಿನಿಯರುಗಳ ಮಾತುಕತೆಯಲ್ಲಿ. ಇಂದು ಕೀಬೋರ್ಡ್ ಆರಿಸುವವರ ಮುಂದಿರುವ ಪ್ರಶ್ನೆಗಳಲ್ಲಿ ಬಹುಪಾಲು ಆಗಿನ ತೀರ್ಮಾನಗಳಿಂದಲೇ ಹುಟ್ಟಿದವು.

ಅದಕ್ಕೂ ಮೊದಲು ಕೀಲಿಮಣೆ ಆಡುತ್ತಿದ್ದುದು ವೋಲ್ಟೇಜಿನ ಭಾಷೆ. 1960ರ ದಶಕದಲ್ಲಿ ರಾಬರ್ಟ್ ಮೂಗ್ ರೂಪಿಸಿದ ಸಿಂಥಸೈಜರಿನಲ್ಲಿ ಒಂದು ಸಪ್ತಕ ಮೇಲೇರಿದರೆ ಒಂದು ವೋಲ್ಟ್ ಹೆಚ್ಚುತ್ತಿತ್ತು. ಒಂದು ಸ್ವರಸ್ಥಾನಕ್ಕೆ ಒಂದು ವೋಲ್ಟಿನ ಹನ್ನೆರಡನೇ ಒಂದು ಭಾಗ. ಸರಳ ಏರ್ಪಾಡು. ಆದರೆ ಯಮಹಾ ಮತ್ತು ಕೊರ್ಗ್ ಸಂಸ್ಥೆಗಳ ಕೆಲವು ಯಂತ್ರಗಳಲ್ಲಿ ವೋಲ್ಟೇಜು ನೇರವಾಗಿ ಕಂಪನಗಳ ಆವೃತ್ತಿಗೆ ಅನುಪಾತದಲ್ಲಿತ್ತು. ಅಲ್ಲಿ ಒಂದು ಸಪ್ತಕ ಏರಲು ವೋಲ್ಟೇಜು ಇಮ್ಮಡಿಯಾಗಬೇಕು. ಹೀಗಾಗಿ ಒಂದು ಕಂಪನಿಯ ಕೀಲಿಮಣೆಯನ್ನು ಇನ್ನೊಂದರ ಯಂತ್ರಕ್ಕೆ ಜೋಡಿಸಿದರೆ ಅಪಸ್ವರವೇ ಗತಿ. ವಾದ್ಯಗಾರರು ವೇದಿಕೆಯ ಮೇಲೆ ಕೀಲಿಮಣೆಗಳ ಗೋಡೆಯನ್ನೇ ಕಟ್ಟಿಕೊಂಡು ನಿಲ್ಲುತ್ತಿದ್ದುದಕ್ಕೆ ಆಡಂಬರವೊಂದೇ ಕಾರಣವಲ್ಲ.

1978ರಲ್ಲಿ ಕ್ಯಾಲಿಫೋರ್ನಿಯಾದ ಡೇವ್ ಸ್ಮಿತ್ ತಮ್ಮ ‘ಸೀಕ್ವೆನ್ಷಿಯಲ್ ಸರ್ಕಿಟ್ಸ್’ ಎಂಬ ಪುಟ್ಟ ಕಂಪನಿಯಿಂದ ಪ್ರಾಫೆಟ್-5 ಎಂಬ ಸಿಂಥಸೈಜರನ್ನು ಹೊರತಂದರು. ಅದರೊಳಗೆ ಮೈಕ್ರೊಪ್ರೊಸೆಸರ್ ಕುಳಿತಿತ್ತು. ಅದು 61 ಕೀಲಿಗಳನ್ನು ಸಾಲುಸಾಲಾಗಿ, ಸೆಕೆಂಡಿಗೆ ಹಲವು ಬಾರಿ ತಪಾಸಣೆ ಮಾಡಿ, ಒತ್ತಿದ ಕೀಲಿಯ ಸಂಖ್ಯೆಯನ್ನು ಗುರುತಿಸುತ್ತಿತ್ತು. ಕೀಲಿ ಸಂಖ್ಯೆಯಾದ ಮೇಲೆ ಅದನ್ನು ತಂತಿಯ ಮೂಲಕ ಬೇರೆ ಯಂತ್ರಕ್ಕೆ ಕಳಿಸುವುದು ಕಷ್ಟವಲ್ಲ. ಆದರೆ ಪ್ರತಿ ಕಂಪನಿಯೂ ತನ್ನದೇ ಸಂಕೇತ ಕಟ್ಟಿಕೊಳ್ಳತೊಡಗಿತು.

ಈ ತೊಡಕನ್ನು ಬಿಡಿಸುವ ಮಾತು ಎತ್ತಿದವರು ಜಪಾನಿನ ರೋಲ್ಯಾಂಡ್ ಕಂಪನಿಯ ಸ್ಥಾಪಕ ಇಕುತಾರೊ ಕಾಕೆಹಾಶಿ. 1981ರಲ್ಲಿ ಅವರು ಟಾಮ್ ಓಬರ್‌ಹೈಮ್ ಮತ್ತು ಸ್ಮಿತ್ ಅವರೊಡನೆ ಚರ್ಚಿಸಿದರು. ಅದೇ ವರ್ಷ ಸ್ಮಿತ್ ಮತ್ತು ಅವರ ಸಹೋದ್ಯೋಗಿ ಚೆಟ್ ವುಡ್ ‘ಸಾರ್ವತ್ರಿಕ ಸಿಂಥಸೈಜರ್ ಸಂಪರ್ಕ’ದ ಪ್ರಸ್ತಾವವನ್ನು ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಮುಂದಿಟ್ಟರು. ಅಮೆರಿಕದ ಅನೇಕ ಕಂಪನಿಗಳು ಆಸಕ್ತಿ ತೋರಲಿಲ್ಲ. ಜಪಾನಿನ ರೋಲ್ಯಾಂಡ್, ಯಮಹಾ, ಕೊರ್ಗ್, ಕವಾಯ್ ಮಾತ್ರ ಕೈಜೋಡಿಸಿದವು. ಪ್ರಸ್ತಾವ ತಿದ್ದಿಸಿಕೊಂಡು ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಆಯಿತು, ಚುಟುಕಾಗಿ ಮಿಡಿ. (ತಂತಿ ಮಿಡಿಯುವುದಕ್ಕೂ ಉಪ್ಪಿನಕಾಯಿಯ ಮಿಡಿಗೂ ಇದಕ್ಕೂ ಸಂಬಂಧವಿಲ್ಲದಿದ್ದರೂ ಕನ್ನಡದ ಕಿವಿಗೆ ಹೆಸರು ಹಿತವಾಗಿದೆ.) 1983ರ ಜನವರಿಯಲ್ಲಿ, ಅಮೆರಿಕದ ಸಂಗೀತ ವ್ಯಾಪಾರಿಗಳ ಮೇಳದಲ್ಲಿ, ಸ್ಮಿತ್ ಅವರ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜುಪಿಟರ್-6 ಒಂದೇ ಕೇಬಲಿನಿಂದ ಜೋಡಣೆಗೊಂಡವು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು! ಈ ಮಾನಕಕ್ಕೆ ಯಾರೂ ರಾಯಧನ ಕೇಳಲಿಲ್ಲ. ಅದು ಅಷ್ಟು ಬೇಗ ಹರಡಲು ಅದರ ತಾಂತ್ರಿಕ ಗುಣಕ್ಕಿಂತ ಈ ಔದಾರ್ಯವೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ.

ತಾಂತ್ರಿಕವಾಗಿ ಅದು ಜಿಪುಣತನದ ಕೂಸು. ಆಗಿನ ಅಗ್ಗದ ಮಂಡಲಗಳ ಒಂದು ಮೆಗಾಹರ್ಟ್ಸ್ ಗಡಿಯಾರವನ್ನು 32ರಿಂದ ಭಾಗಿಸಿದರೆ ಸಿಗುವ 31,250 ಬಿಟ್, ಅದೇ ಅದರ ಸೆಕೆಂಡಿನ ವೇಗ. ಪ್ರತಿ ಬೈಟಿನ ಮೊದಲ ಬಿಟ್ಟು ಅದು ಆಜ್ಞೆಯೋ ಮಾಹಿತಿಯೋ ಎಂದು ಹೇಳುವುದಕ್ಕೆ ಮೀಸಲು. ಉಳಿದ ಏಳು ಬಿಟ್ಟುಗಳಲ್ಲಿ 0ಯಿಂದ 127ರವರೆಗಿನ 128 ಬೆಲೆಗಳು ಮಾತ್ರ ಹಿಡಿಯುತ್ತವೆ. ಪಿಯಾನೊದ ನಟ್ಟನಡುವಿನ ‘ಸಿ’ ಕೀಲಿಗೆ 60, ಅದರ ಮುಂದಿನ ಕಪ್ಪು ಕೀಲಿಗೆ 61. ಕೀಲಿ ಒತ್ತಿದಾಗ ಮೂರು ಬೈಟು ಹೊರಡುತ್ತವೆ: ಆಜ್ಞೆ, ಕೀಲಿಯ ಸಂಖ್ಯೆ, ಒತ್ತಿದ ವೇಗ. ಇವು ದಾಟಲು ಸುಮಾರು ಒಂದು ಮಿಲಿಸೆಕೆಂಡು ಸಾಕು. ನುಡಿಸಿದ ಮೇಲೆ ಸ್ವರ ತಡವಾಗಿ ಕೇಳುತ್ತದೆಂದು ಹಲವರು ಕೀಬೋರ್ಡನ್ನು ದೂರುವುದುಂಟು. ಸಾಮಾನ್ಯವಾಗಿ ತಡ ಮಾಡುವುದು ಕಂಪ್ಯೂಟರಿನ ಧ್ವನಿ ವ್ಯವಸ್ಥೆ.

ಹಾರ್ಮೋನಿಯಂ ಬಳಸುವವರು ‘ಒಂದೂವರೆ ಮನೆ ಶ್ರುತಿ’ ಎನ್ನುತ್ತಾರಲ್ಲವೆ? ಮಿಡಿಯಲ್ಲಿ ಶ್ರುತಿ ಬದಲಿಸುವುದು ಕೂಡುವ ಲೆಕ್ಕ. ಕೀಲಿಯ ಸಂಖ್ಯೆಗೆ ಒಂದು ಸೇರಿಸಿದರೆ ಇಡೀ ಕೀಲಿಮಣೆ ಒಂದು ಸ್ವರಸ್ಥಾನ ಮೇಲೇರುತ್ತದೆ. ಸಪ್ತಕ ಬದಲಿಸುವ ಗುಂಡಿಯೂ ಹಾಗೆಯೇ, 12ನ್ನು ಕೂಡುತ್ತದೆ ಇಲ್ಲವೆ ಕಳೆಯುತ್ತದೆ. ಆದ್ದರಿಂದ ಒಂದೊಂದೇ ಸ್ವರ ನುಡಿಸಿ ರಾಗ ಸಂಯೋಜಿಸುವವರಿಗೆ 88 ಕೀಲಿಗಳ ಭಾರ ಬೇಕಿಲ್ಲ. ಎರಡೂ ಕೈಗಳಿಂದ ಪಿಯಾನೊ ಕಲಿಯುವವರ ಮಾತು ಬೇರೆ.

ವೇಗದ ಅಳತೆ ಜಾಣ ಉಪಾಯ. ಪ್ರತಿ ಕೀಲಿಯ ಅಡಿಯಲ್ಲಿ ಎರಡು ಸಂಪರ್ಕ ಬಿಂದುಗಳಿದ್ದು, ಒಂದು ಸ್ವಲ್ಪ ಮೊದಲು, ಇನ್ನೊಂದು ತುಸು ತಡವಾಗಿ ಕೂಡಿಕೊಳ್ಳುತ್ತದೆ. ಇವುಗಳ ನಡುವಿನ ಕಾಲ ಕಡಿಮೆಯಾದಷ್ಟೂ ಹೊಡೆತ ಜೋರು. ಎಂದರೆ ಅಳೆಯುವುದು ಬಲವನ್ನಲ್ಲ, ಕಾಲವನ್ನು. ತಮಾಷೆಯೆಂದರೆ, ಮೇಳದಲ್ಲಿ ಮೆರೆದ ಪ್ರಾಫೆಟ್-600ಕ್ಕೆ ಈ ಸಾಮರ್ಥ್ಯವೇ ಇರಲಿಲ್ಲ. ವೇಗ ಅಳೆಯಲಾರದ ಯಂತ್ರಗಳು 64 ಎಂದು ಕಳಿಸಲಿ ಎಂದು ಮಾನಕವೇ ಸೂಚಿಸುತ್ತದೆ. ಅದೇ 1983ರಲ್ಲಿ ಬಂದ ಯಮಹಾ ಡಿಎಕ್ಸ್-7 ವೇಗವನ್ನು ಗುರುತಿಸಿತು, ಮತ್ತು ಅದು ಎಲ್ಲೆಡೆ ಮಾರಾಟವಾಯಿತು. 1985ರ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ಕಿಂಡಿ ಮೊದಲಿಂದಲೇ ಇತ್ತು. 1999ರಲ್ಲಿ ಯುಎಸ್‌ಬಿ ಮೂಲಕ ಮಿಡಿ ಕಳಿಸುವ ನಿಯಮಗಳು ಬಂದವು. ಐದು ಪಿನ್ನಿನ ದಪ್ಪ ಕೇಬಲು, ಬೇರೆ ವಿದ್ಯುತ್ ಪೂರೈಕೆ ಎರಡೂ ಅನಗತ್ಯವಾದವು. ನಾದವಿಲ್ಲದ ಅಗ್ಗದ ಕೀಲಿಮಣೆ ಮನೆಮನೆಗೆ ಬಂದದ್ದು ಆಮೇಲೆ.

ಇನ್ನು ನಮ್ಮ ಸಂಗೀತಕ್ಕೆ ನೇರವಾಗಿ ತಟ್ಟುವ ಪ್ರಶ್ನೆ. 60 ಮತ್ತು 61ರ ನಡುವೆ ಕೀಲಿಯ ಸಂಖ್ಯೆಗಳಿಲ್ಲ. ಗಮಕ ಜೀವಿಸುವುದು ಆ ನಡುವಿನಲ್ಲಿ. ಹಾರ್ಮೋನಿಯಂ ಮೇಲಿನ ತಕರಾರೂ ಇಂಥದ್ದೇ. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ಹೊರಗಿಟ್ಟಿತು, 1971ರ ತನಕ ನಿಷೇಧ ಸಡಿಲಗೊಳ್ಳಲಿಲ್ಲ. ಮಿಡಿ ಒಂದು ಕಿಟಕಿ ತೆರೆದಿಟ್ಟಿದೆ. ಮೂಗ್ ಕಂಪನಿಯ 1970ರ ಮಿನಿಮೂಗ್‌ನಲ್ಲಿ ಕೀಲಿಗಳ ಎಡಕ್ಕೆ ಸ್ವರವನ್ನು ಬಾಗಿಸುವ ಚಕ್ರವಿತ್ತು. ಅದನ್ನು ಬಿಡಬಾರದೆಂದು ಮಿಡಿ ರೂಪಿಸಿದವರು ಈ ಬಾಗಿಗೆ ಎರಡು ಬೈಟು, ಎಂದರೆ 14 ಬಿಟ್ಟು ಕೊಟ್ಟರು. ಅದರಲ್ಲಿ 16,384 ಹಂತಗಳಿವೆ. ಬಹುತೇಕ ಯಂತ್ರಗಳು ಹೊಂದಿಸಿಕೊಂಡೇ ಬರುವ ವ್ಯಾಪ್ತಿ ಎರಡು ಸ್ವರಸ್ಥಾನ ಮೇಲೆ, ಎರಡು ಕೆಳಗೆ. ತೋಡಿಯ ಸಾಧಾರಣ ಗಾಂಧಾರ ಶುದ್ಧ ರಿಷಭದಿಂದ ಎರಡು ಸ್ಥಾನ ಮೇಲಿದೆ, ಶುದ್ಧ ಮಧ್ಯಮದಿಂದ ಎರಡು ಸ್ಥಾನ ಕೆಳಗಿದೆ. ಗಾಂಧಾರವನ್ನು ಒತ್ತಿ ಹಿಡಿದು ಚಕ್ರ ತೂಗಿದರೆ ಅದರ ಓಲಾಟ ಈ ವ್ಯಾಪ್ತಿಯಲ್ಲೇ ಸರಿಯಾಗಿ ಕೂರುತ್ತದೆ. ಷಡ್ಜದಿಂದ ಪಂಚಮಕ್ಕೆ ಜಾರಬೇಕಾದರೆ ಸಾಲದು. ವ್ಯಾಪ್ತಿಯನ್ನು 12 ಸ್ಥಾನಕ್ಕೆ ಹಿಗ್ಗಿಸಬೇಕು.

ಹಿಗ್ಗಿಸಿದಾಗಲೇ ಕೀಬೋರ್ಡಿನ ನಿಜಬಣ್ಣ ಬಯಲಾಗುವುದು. ಒಂದು ಸ್ವರಸ್ಥಾನವನ್ನು 100 ಸೆಂಟ್ ಎಂದು ಭಾಗಿಸುವುದು ರೂಢಿ. 24 ಸ್ಥಾನಗಳ ಹರವು 2,400 ಸೆಂಟ್. ಅದನ್ನು 16,384 ಹಂತ ಮಾಡಿದರೆ ಒಂದು ಹಂತ ಸೆಂಟಿನ ಏಳನೇ ಒಂದು ಭಾಗ. ಯಾವ ಕಿವಿಗೂ ಗೊತ್ತಾಗದು. ಆದರೆ ಚಕ್ರದ ಸಂವೇದಕವನ್ನು ಏಳೇ ಬಿಟ್ಟುಗಳಲ್ಲಿ ಓದುವ ಕೀಬೋರ್ಡುಗಳೂ ಇವೆ. ಅವುಗಳಲ್ಲಿ 128 ಹಂತ ಮಾತ್ರ, ಒಂದೊಂದೂ 19 ಸೆಂಟಿನಷ್ಟು ದಪ್ಪ. 81:80 ಅನುಪಾತದ ಪ್ರಮಾಣಶ್ರುತಿ ಎಂಬ ಸೂಕ್ಷ್ಮ ಅಂತರ ಸುಮಾರು 21.5 ಸೆಂಟ್. ಜಾರು ಹೋಗಿ ಮೆಟ್ಟಿಲಾಗುತ್ತದೆ. ಚಕ್ರದ ಬದಲು ಬರೀ ಗುಂಡಿ ಇಟ್ಟಿರುವ ಪುಟ್ಟ ಕೀಬೋರ್ಡುಗಳ ಬಗ್ಗೆ ಹೇಳುವುದೇ ಬೇಡ. ಮಿನುಗುವ ಪ್ಯಾಡುಗಳನ್ನು ನೋಡಿ ಹಣ ಕೊಡುವ ಮೊದಲು ಈ ಚಕ್ರವನ್ನು ನೋಡಬೇಕು.

ಇನ್ನೊಂದು ಮಿತಿಯಿದೆ. ಬಾಗು ಅನ್ವಯಿಸುವುದು ಒಂದು ಚಾನೆಲಿನ ಎಲ್ಲ ಸ್ವರಗಳಿಗೂ ಒಟ್ಟಿಗೆ. ತಂಬೂರಿಯ ನಾದವನ್ನೂ ರಾಗವನ್ನೂ ಒಂದೇ ಚಾನೆಲಿನಲ್ಲಿಟ್ಟರೆ ಗಮಕದ ಜೊತೆ ಶ್ರುತಿಯೂ ಓಲಾಡುತ್ತದೆ. ಹದಿನಾರು ಚಾನೆಲುಗಳಿರುವುದರಿಂದ ಅವೆರಡನ್ನೂ ಬೇರ್ಪಡಿಸುವುದು ಸುಲಭ. 2018ರಲ್ಲಿ ಅಂಗೀಕೃತವಾದ ಎಂಪಿಇ ಎಂಬ ವಿಸ್ತರಣೆ ಇದೇ ಉಪಾಯವನ್ನು ಮುಂದಕ್ಕೆ ಒಯ್ದು, ಪ್ರತಿ ಬೆರಳಿನ ಸ್ವರಕ್ಕೂ ಬೇರೆ ಚಾನೆಲು ಕೊಡುತ್ತದೆ. 2020ರ ಮಿಡಿ 2.0ರಲ್ಲಿ ವೇಗಕ್ಕೆ 16 ಬಿಟ್ಟು, ಪ್ರತಿ ಸ್ವರಕ್ಕೂ ಅದರದೇ ಬಾಗು. ಕಾಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ತೀರಿಕೊಂಡರು. ಇಬ್ಬರಿಗೂ ಸೇರಿ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಂದಿತ್ತು.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಸುಲಭದ್ದು. ಮಿಡಿ ಸಂದೇಶಗಳನ್ನು ತೋರಿಸುವ ಉಚಿತ ತಂತ್ರಾಂಶಗಳು ಸಿಗುತ್ತವೆ. ಒಂದನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಕೀಬೋರ್ಡ್ ಜೋಡಿಸಿ. ಕೀಲಿಯನ್ನು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿ, ವೇಗದ ಸಂಖ್ಯೆ 20ರ ಆಸುಪಾಸಿನಿಂದ 120ರ ತನಕ ನಿಮ್ಮ ಬೆರಳಿನ ಮಾತು ಕೇಳುತ್ತದೆಯೇ ನೋಡಿ. ನಂತರ ಚಕ್ರವನ್ನು ಆದಷ್ಟು ನಿಧಾನವಾಗಿ ತಿರುಗಿಸಿ. ಬಾಗಿನ ಸಂಖ್ಯೆ ಪ್ರತಿ ಸಲವೂ 128ರಷ್ಟೇ ಜಿಗಿಯುತ್ತಿದ್ದರೆ ಅದು ಏಳು ಬಿಟ್ಟಿನ ಚಕ್ರ.