ಬಿದ್ದು ಎದ್ದ ವಿದ್ಯಾರ್ಥಿನಿ

ರಜೆಗೆಂದು ಊರಿಗೆ ಹೊರಟಾಗ, ವಿಮಾನದ ಚಕ್ರ ನೆಲ ಮುಟ್ಟುವ ತನಕ ಉಸಿರು ಬಿಗಿಹಿಡಿದು ಕೂರುವವರು ನಮ್ಮಲ್ಲಿ ಅನೇಕರು. ಈ ಅಂಜಿಕೆ ತೀರ ಅಕಾರಣವಾದುದಲ್ಲ. ವಿಮಾನವನ್ನು ಏರಿಸುವುದಕ್ಕಿಂತ ಇಳಿಸುವುದು ಕಷ್ಟ. ವೇಗವನ್ನು ತಗ್ಗಿಸಬೇಕು, ಆದರೆ ರೆಕ್ಕೆಗಳು ಭಾರ ಹೊರಲಾರದಷ್ಟು ತಗ್ಗಿಸಬಾರದು. ಹೊಸಬರು ಎಡವುವುದು ಇಲ್ಲಿಯೇ. ಹಾಗೆ ಎಡವಿದ ಒಬ್ಬ ವಿದ್ಯಾರ್ಥಿನಿಯನ್ನು ನಾವಿಲ್ಲಿ ನೆನೆಯೋಣ.

ರೇಮೊಂಡ್ ದ ಲರೋಷ್ 1882ರಲ್ಲಿ ಪ್ಯಾರಿಸಿನಲ್ಲಿ ಕೊಳಾಯಿ ಕೆಲಸಗಾರನೊಬ್ಬನ ಮಗಳಾಗಿ ಹುಟ್ಟಿದಳು; ಮುಂದೆ ನಾಟಕದ ನಟಿಯಾದಳು. 1909ರಲ್ಲಿ ಶಾಲೋನ್ ಎಂಬಲ್ಲಿ, ವಿಮಾನ ತಯಾರಕ ಶಾರ್ಲ್ ವಾಸೆನ್‌ನ ಬಳಿ ಹಾರಾಟ ಕಲಿಯತೊಡಗಿದಳು. ಆ ವಿಮಾನವೋ, ಮರದ ಚೌಕಟ್ಟಿಗೆ ಬಟ್ಟೆ ಬಿಗಿದ ದೊಡ್ಡ ಗಾಳಿಪಟದಂಥದು. ಪಕ್ಕಕ್ಕೆ ವಾಲಿದರೆ ಸರಿಪಡಿಸಲು ರೆಕ್ಕೆಗಳಲ್ಲಿ ಯಾವ ಸಾಧನವೂ ಇರಲಿಲ್ಲ. ಆಸನ ಒಂದೇ. ಗುರು ನೆಲದ ಮೇಲೆ, ಶಿಷ್ಯೆ ಗಾಳಿಯಲ್ಲಿ; ತಪ್ಪಿದರೆ ತಿದ್ದುವ ಕೈಯಿಲ್ಲ.

1910ರ ಜನವರಿಯಲ್ಲಿ ಆಕೆ ಮೈದಾನವನ್ನು ಸುತ್ತಿ ಇಳಿಯಲು ಬರುತ್ತಿದ್ದಾಗ ವಿಮಾನದ ಬಾಲ ಮರಕ್ಕೆ ತಗುಲಿತು. ವಿಮಾನ ನೆಲಕ್ಕಪ್ಪಳಿಸಿ ಆಕೆ ಗಾಯಗೊಂಡಳು.

ಅಲ್ಲಿಗೆ ಆ ಹುಚ್ಚು ಬಿಟ್ಟಿತೆಂದು ಯಾರಾದರೂ ಎಣಿಸಬಹುದಿತ್ತು. ಆದರೆ ಅದೇ ವರ್ಷದ ಮಾರ್ಚ್ 8ರಂದು ಫ್ರಾನ್ಸಿನ ಏರೋ ಕ್ಲಬ್ಬು ಆಕೆಗೆ 36ನೆಯ ಪರವಾನಗಿಯನ್ನಿತ್ತಿತು. ಜಗತ್ತಿನಲ್ಲಿ ಹೆಣ್ಣುಮಗಳೊಬ್ಬಳು ಪಡೆದ ಮೊದಲ ವಿಮಾನ ಚಾಲನಾ ಪರವಾನಗಿ ಅದು. ಜುಲೈಯಲ್ಲಿ ರೀಮ್ಸ್ ಪಂದ್ಯದಲ್ಲಿ ಮತ್ತೆ ಬಿದ್ದು ಆಕೆ ತೀವ್ರವಾಗಿ ಗಾಯಗೊಂಡಳು. ಗುಣವಾದ ಮೇಲೆ ಮತ್ತೆ ಹಾರಿದಳು. 1913ರಲ್ಲಿ ನಾಲ್ಕು ಗಂಟೆಗೂ ಮೀರಿ ಹಾರಿ ಫೆಮಿನಾ ಕಪ್ಪನ್ನು ಗೆದ್ದಳು.

ಒಂಟಿಯಾಗಿ ಬಿದ್ದು ಕಲಿಯುವ ಪದ್ಧತಿಗೆ ಪ್ರಾಣ ತೆತ್ತವರು ಎಷ್ಟೋ ಜನ. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟಿನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ, ಗುರುಶಿಷ್ಯರಿಬ್ಬರಿಗೂ ಹಿಡಿಕೆಗಳಿರುವ ವಿಮಾನದಲ್ಲಿ ಕಲಿಸುವ ಕ್ರಮವನ್ನು ರೂಢಿಗೆ ತಂದ. ಅಪಾಯವನ್ನು ತಪ್ಪಿಸಿಕೊಂಡು ಓಡುವುದಲ್ಲ, ಅದರಿಂದ ಪಾರಾಗುವುದನ್ನು ಗುರುವಿನ ಜೊತೆಯಲ್ಲೇ ಕಲಿಯಬೇಕು ಎಂಬುದು ಆತನ ನಿಲುವು.

ಲರೋಷ್ 1919ರ ಜುಲೈ 18ರಂದು ಲ ಕ್ರೊಟ್ವಾದಲ್ಲಿ, ಇಳಿಯಲು ಬರುತ್ತಿದ್ದ ಪ್ರಾಯೋಗಿಕ ವಿಮಾನವೊಂದು ಬಿದ್ದು ತೀರಿಕೊಂಡಳು. ಪ್ಯಾರಿಸಿನ ಲ ಬೂರ್ಜೆ ವಿಮಾನ ನಿಲ್ದಾಣದಲ್ಲಿ ಆಕೆಯ ಪ್ರತಿಮೆಯಿದೆ.

ಇಂದು ಕಲಿಯಲು ಹೊರಟ ಹುಡುಗಿಯ ಪಕ್ಕದಲ್ಲಿ ಗುರು ಕೂರುತ್ತಾರೆ, ಅವರ ಮುಂದೆಯೂ ಒಂದು ಹಿಡಿಕೆಯಿರುತ್ತದೆ. ಆ ಎರಡನೆಯ ಹಿಡಿಕೆಯ ಬೆಲೆಯನ್ನು ಮೊದಲಿನವರು ತೆತ್ತಿದ್ದಾರೆಂಬುದನ್ನು ನಾವು ಮರೆಯದಿರೋಣ.